ಬಿದ್ದವನಿಗೆ ಕೆಂಪು ಕಾರ್ಡು

ಫೆಬ್ರವರಿ ೧೧

ಪೀಪಿಗೆ,

ನೀನು ಫೋನ್ ಎತ್ತುವುದಿಲ್ಲ. ಎತ್ತಿದರೆ ನಾನು ಕೂಗಾಡುತ್ತೇನೆ, ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಅರ್ಧಕ್ಕೆ ಬಿಸಾಡಿದರೂ ಮತ್ತೆ ಎತ್ತಿಕೊಂಡು ಓದುವ ಜಾತಿ ನೀನು ಅಂತ ನಿನ್ನ ಅಕ್ಕ ಹೇಳುತ್ತಿದ್ದಳು. ಅದಕ್ಕೇ ಬರೆಯಲು ಕೂತಿದ್ದೇನೆ. ಮೂಳೆ ವಾರ್ಡಿನ ಬೆಂಚು, ತೊಡೆಯ ಮೇಲೆ ಎಕ್ಸ್‌ರೇ ಲಕೋಟೆ, ಅದರ ಮೇಲೆ ಹಾಳೆ. ಅಕ್ಷರ ಸೊಟ್ಟ ಬಂದಿದ್ದರೆ ಅದು ನಿನ್ನ ಅಳಿಯನ ಮುರಿದ ಕಾಲಿನ ಫೋಟೋದ ಮೇಲೆ ಬರೆದ ಪ್ರಭಾವ ಅಂತ ತಿಳಿದುಕೋ.

ಮೊಣಕಾಲಿನ ಕೆಳಗಿನ ಮೂಳೆ ಎರಡು ಕಡೆ ಹೋಗಿದೆ. ತಗಡು ಹಾಕಿ ಸ್ಕ್ರೂ ಬಿಗಿದಿದ್ದಾರೆ. ನಡೆಯುತ್ತಾನೆ ಅಂದರು ಡಾಕ್ಟರು. ಆಡುತ್ತಾನಾ ಅಂತ ಕೇಳಿದೆ. ಅವರು ಪಕ್ಕದ ಮಂಚದವನ ಚಾರ್ಟು ಓದತೊಡಗಿದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಒಬ್ಬ ಹುಡುಗ ಗೋಲು ಕಂಬದ ಬುಡದಲ್ಲಿ ಬಿದ್ದಿದ್ದಾನೆ. ಕಾಲು ಮಡಚಬಾರದ ಜಾಗದಲ್ಲಿ ಮಡಚಿಕೊಂಡಿದೆ. ಸ್ಟ್ರೆಚರ್ ಬಂದಿದೆ. ಅವನ ಸ್ವಂತ ಸೋದರಮಾವ, ಕಪ್ಪು ಅಂಗಿ ತೊಟ್ಟ ರೆಫರಿ, ಹತ್ತಿರ ಬಂದು ಬಗ್ಗುತ್ತಾನೆ. ತಲೆ ಸವರುತ್ತಾನೆ ಅಂತ ನಾವೆಲ್ಲ ಅಂದುಕೊಂಡರೆ, ಎದ್ದು ನಿಂತು ಜೇಬಿಗೆ ಕೈ ಹಾಕಿ ಕೆಂಪು ಕಾರ್ಡು ಎತ್ತುತ್ತಾನೆ. ಮಲಗಿದವನಿಗೆ ಹೊರಗೆ ಹೋಗು ಅಂತ. ಅವನೇನು ನಡೆದು ಹೋಗಬೇಕಿತ್ತೇ? ಎದುರು ತಂಡದವರು, ಬಸ್ ಡಿಪೋದವರು, ಅವರೇ ಚಪ್ಪಾಳೆ ಹೊಡೆಯಲಿಲ್ಲ ಪೀಪಿ. ಅವರ ಗೋಲ್‌ಕೀಪರ್, ಆ ದಡೂತಿ ಆಸಾಮಿ, ಪೆಟ್ಟು ತಿಂದವನು ಅಂತ ನೀನು ಹೇಳುವವನು, ತಾನೇ ಎದ್ದು ಬಂದು ಸ್ಟ್ರೆಚರಿನ ಒಂದು ಮೂಲೆ ಹಿಡಿದ. ಉಳಿದ ಆಟ ಪೂರ್ತಿ ಆಡಿದ. ಎರಡು ಚೆಂಡು ಹಾರಿ ತಡೆದ. ಹಾಗಾದರೆ ನೋವಾದದ್ದು ಯಾರಿಗೆ? ಕಾರ್ಡು ಸಿಕ್ಕಿದ್ದು ಯಾರಿಗೆ? ಆ ಕಂಬಕ್ಕಾದರೂ ತೋರಿಸಬಹುದಿತ್ತು.

ನಾನು ಇಡೀ ಸರ್ವಿಸು ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆಯ ಬೆಲ್ಟಿನ ಮುಂದೆ ಕೂತವನು. ದೀಪದ ಮುಂದೆ ಬಾಟಲಿ ಸಾಲು ಸಾಗುತ್ತದೆ. ಬಿರುಕು ಕಂಡರೆ ಎತ್ತಿ ಬುಟ್ಟಿಗೆ. ಗಾಜು ಊದಿದವನ ಮನಸ್ಸಿನಲ್ಲಿ ಏನಿತ್ತು ಅಂತ ಕೇಳುತ್ತಾ ಕೂತರೆ ಬೆಲ್ಟು ನಿಲ್ಲುತ್ತದೆಯೇ? ಔಟ್‌ಕಮ್ ನೋಡು ಮಹಾರಾಯ, ಔಟ್‌ಕಮ್. ಬಿರುಕು ಬಿಟ್ಟಿರುವುದು ನನ್ನ ಮಗ. ದೇರ್‌ಫೋರ್, ಅವನು ತಪ್ಪಿತಸ್ಥನಲ್ಲ. ಲಾಜಿಕ್ ಇದು, ಕಾಲೇಜಿನಲ್ಲಿ ಇದಕ್ಕೆ ಒಂದು ಹೆಸರೂ ಇತ್ತು.

ನೀನು ಯಾಕೆ ಕೊಟ್ಟೆ ಅಂತ ನನಗೆ ಗೊತ್ತು. ನಮ್ಮ ಲೀಗಿನ ಪದ್ಧತಿಯಂತೆ ಟಾಸಿಗೆ ಮುಂಚೆ ನಡುಗೆರೆಯಲ್ಲಿ ನಿಂತು, ನನ್ನ ರಕ್ತ ಸಂಬಂಧಿ ಒಬ್ಬ ಬಾಟಲಿ ತಂಡದಲ್ಲಿದ್ದಾನೆ ಅಂತ ಗಟ್ಟಿಯಾಗಿ ಹೇಳಿದೆ. ಇಬ್ಬರು ನಾಯಕರೂ ಒಪ್ಪಿ ಕೈ ಕೊಟ್ಟರು. ಆಗ ಡಿಪೋ ನಾಯಕ ಹಲ್ಲು ಕಿರಿದು, "ಪೀಪಿ ಸಾರ್, ಅಳಿಯ ಅಂತ ಕಾರ್ಡು ಮನೇಲೇ ಬಿಟ್ಟು ಬಂದಿಲ್ಲ ತಾನೆ?" ಅಂದ. ಎಲ್ಲರೂ ನಕ್ಕರು, ನೀನೊಬ್ಬ ನಗಲಿಲ್ಲ. ಆ ಮಾತಿಗೆ ನೀನು ಉತ್ತರ ಕೊಡಬೇಕಿತ್ತು. ನನ್ನ ಮಗನ ಮೇಲೆ ಕೊಟ್ಟೆ.

ನಿನಗೆ ಗೊತ್ತಿರದ ಒಂದು ವಿಷಯ. ಕಾರ್ಖಾನೆಯವರು ಅವನನ್ನು ತೆಗೆದುಕೊಂಡದ್ದೇ ತಂಡಕ್ಕಾಗಿ, ಇನ್ನೂ ಟೆಂಪರರಿ. ಆಟದಲ್ಲಿ ಗಾಯವಾದವರಿಗೆ ಗೇಟಿನ ಪಾಸು ಕೊಡುವ ಕಿಟಕಿಯಲ್ಲಿ ಕೂರುವ ಕೆಲಸ ಕೊಡುತ್ತಾರೆ. ಸಿಬ್ಬಂದಿ ವಿಭಾಗದ ಸಾಹೇಬರು ಬಂದಿದ್ದರು. "ಕಾರ್ಡು ಬಿದ್ದಿದೆಯಲ್ಲ, ಮಾರ್ಚ್ ನಾಲ್ಕಕ್ಕೆ ಲೀಗ್ ಸಮಿತಿ ಕೂರುತ್ತೆ, ಅವರು ಏನಂತಾರೋ ಅದರ ಮೇಲೆ" ಅಂದು ಹೋದರು. ನಿಂತು ಮಾಡುವ ಕೆಲಸ ಇನ್ನು ಅವನಿಂದ ಆಗುವುದಿಲ್ಲ. ಆ ಕುರ್ಚಿಯೊಂದು ಬಿಟ್ಟರೆ ಅವನಿಗೆ ಏನೂ ಇಲ್ಲ. ಆತುರದಲ್ಲಿ ಕಾರ್ಡು ತೋರಿಸಿದೆ ಅಂತ ಸಮಿತಿಗೆ ಒಂದು ಸಾಲು ಬರೆ. ಬೇರೇನೂ ಬೇಡ.

ನಿನ್ನ ಭಾವ, ನೀನು ಇನ್ನೂ ಹಾಗೆ ಕರೆಯುವುದಾದರೆ


ಫೆಬ್ರವರಿ ೧೯

ಭಾವನವರಿಗೆ,

ನಿಮ್ಮ ಕಾಗದ ಅರ್ಧಕ್ಕೆ ಇಟ್ಟು ಮತ್ತೆ ಎತ್ತಿಕೊಂಡು ಓದಿದೆ. ಅಕ್ಕ ಹೇಳಿದ್ದು ನಿಜ.

ನಾನು ಬಗ್ಗಿದ್ದು ಪುಟ್ಟ ಉಸಿರಾಡುತ್ತಿದ್ದಾನಾ ಅಂತ ನೋಡಲು. "ಮಾಮ, ನೀರು" ಅಂದ. ನೀರು ತರಿಸಿ ಕುಡಿಸಿದೆ. ಆಮೇಲೆ ಕಾರ್ಡು ಎತ್ತಿದೆ. ನೀವು ಕೂತಿದ್ದ ಕಡೆಯಿಂದ ನೀರು ಕಂಡಿರಲಿಕ್ಕಿಲ್ಲ.

ನಾನು ಕಂಡದ್ದು ಇಷ್ಟು. ಗೋಲಿ, ಅದೇ ಡಿಪೋದ ಗೋಲ್‌ಕೀಪರ್, ಚೆಂಡಿನ ಮೇಲೆ ಬಿದ್ದು ಎರಡೂ ಕೈಯಲ್ಲಿ ಹಿಡಿದಾಗಿತ್ತು. ಪುಟ್ಟ ದೂರದಿಂದ ಓಡಿ ಬಂದು ಹಾರಿದ. ಕಾಲು ನೇರ, ಬೂಟಿನ ಅಡಿಯ ಸ್ಟಡ್ಡು ಮುಂದಕ್ಕೆ, ಮೈ ಭಾರವೆಲ್ಲ ಅದರ ಹಿಂದೆ. ಆ ಕಾಲು ಗೋಲಿಯ ಎಡ ಪಕ್ಕೆಗೆ ಹೋಯಿತು. ಆಮೇಲೆ ಜಾರಿ ಕಂಬಕ್ಕೆ ಬಡಿದ. ಅವನ ಕಾಲು ಮುರಿದದ್ದು ತಪ್ಪು ಆಗಿಹೋದ ಮೇಲೆ.

ನಿಯಮ ಮನಸ್ಸಿನಲ್ಲಿ ಏನಿತ್ತು ಅಂತ ಕೇಳುವುದಿಲ್ಲ ಭಾವ. ಯಾರಿಗೆ ಎಷ್ಟು ಪೆಟ್ಟಾಯಿತು ಅಂತಲೂ ಕೇಳುವುದಿಲ್ಲ. ಕಾಲು ಹೇಗೆ ಬಂತು, ಎಷ್ಟು ಬಲದಲ್ಲಿ ಬಂತು, ಎದುರಿಗಿದ್ದವನಿಗೆ ಅಪಾಯ ಇತ್ತಾ. ಇಷ್ಟೇ ಕೇಳುತ್ತದೆ. ಗೋಲಿ ಎದ್ದು ಆಡಿದ್ದು ಅವನ ಪುಣ್ಯ, ಪುಟ್ಟನ ಒಳ್ಳೆಯತನವಲ್ಲ. ವರದಿಯಲ್ಲಿ 'ಅತಿಯಾದ ಬಲ' ಅಂತ ಬರೆದಿದ್ದೇನೆ. ಅವನು ಎದ್ದು ಆಡಿದ ಅಂತಲೂ ಬರೆದಿದ್ದೇನೆ.

ಡಿಪೋ ನಾಯಕನ ಆ ನಗೆಗೆ ಉತ್ತರವಾಗಿ ಕೊಟ್ಟೆನಾ? ನಾನೂ ಕೇಳಿಕೊಂಡೆ. ಗೊತ್ತಿಲ್ಲ. ನನ್ನ ಮನಸ್ಸೇ ನನಗೆ ಕಾಣುವುದಿಲ್ಲ, ಇನ್ನು ಅವನದು ಹೇಗೆ ಕಾಣಲಿ. ಅದಕ್ಕೇ ಕಾಲು ನೋಡುತ್ತೇನೆ.

ನಾಳೆಯಿಂದ ಟೂರ್ನಮೆಂಟಿಗೆ ಹೊರಗೆ ಹೋಗುತ್ತಿದ್ದೇನೆ, ಮಾರ್ಚ್ ಮೊದಲ ವಾರ ಬರುತ್ತೇನೆ. ಪುಟ್ಟನಿಗೆ ನಾನು ಕೇಳಿದೆ ಅಂತ ಹೇಳಿ. ಹೇಳಲು ಮನಸ್ಸಿಲ್ಲದಿದ್ದರೆ ಬಿಡಿ.

ಪೀಪಿ


ಫೆಬ್ರವರಿ ೨೬

ಪೀಪಿ,

ನಿನ್ನ ಕಾಲು, ಕೈ, ನಿಯಮ ಎಲ್ಲ ಓದಿದೆ. ಈಗ ನನ್ನದು ಕೇಳು, ಮುಖದ ಮೇಲೆ ನೀರು ಎರಚಿದ ಹಾಗೆ ಆಗುತ್ತದೆ ನಿನಗೆ.

ಮೊನ್ನೆ ಸಂಜೆ ಭೇಟಿಯ ಹೊತ್ತಿನಲ್ಲಿ ಗೋಲಿ ಬಂದಿದ್ದ. ಹೌದು, ಅವನೇ. ಡಿಪೋದಲ್ಲಿ ಟೈರು ಬದಲಿಸುವ ಕೆಲಸ ಅವನದು. ಬಾಗಿಲು ತುಂಬುವಷ್ಟು ಮೈ, ಆದರೆ ಒಳಗೆ ಬರಲು ನಾಚಿಕೆ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ವಾರ್ಡಿನ ಹೊರಗೆ ಅತ್ತಿಂದಿತ್ತ ಓಡಾಡುತ್ತಿದ್ದ. ಒಳ್ಳೆಯವನು ಕಣಯ್ಯ. ನನ್ನನ್ನು ಅಂಕಲ್ ಅಂತ ಕರೆದ. ಅವನಿಗೆ ಒಂದು ಸಣ್ಣ ಮಗಳಿದ್ದಾಳಂತೆ. ಅಪ್ಪನ ಗ್ಲೌಸು ಹಾಕಿಕೊಂಡು ಊಟಕ್ಕೆ ಕೂರುತ್ತಾಳಂತೆ. ಹೆಂಡತಿಗೆ ಇಸ್ತ್ರಿ ಅಂಗಡಿಯಲ್ಲಿ ಕೆಲಸ.

ನಾನು ಕುರ್ಚಿಯ ವಿಷಯ ಹೇಳಿದೆ. ಕಾರ್ಡು ಉಳಿದರೆ ಹುಡುಗನ ಬದುಕು ಹೋಯಿತು ಅಂದೆ. ಅವನು ತಲೆ ಕೆರೆದುಕೊಂಡ. "ನಂಗೇನೂ ಆಗಿಲ್ಲ ಅಂಕಲ್. ನಾಲ್ಕನೇ ತಾರೀಖು ನಾನೇ ಬಂದು ಹೇಳ್ತೀನಿ. ಆ ಕಾರ್ಡು ವಾಪಸ್ ತಗೊಳ್ಳಿ ಅಂತ." ನಾನು ಕೇಳುವ ಮೊದಲೇ ಅಂದ, ಗಮನಿಸು. ಔಟ್ ಆಫ್ ಹಿಸ್ ಓನ್ ಅಕಾರ್ಡು.

ಖುಷಿಗೆ ನಾನು ತಮಾಷೆ ಶುರು ಮಾಡಿದೆ. "ಏನೂ ಆಗಿಲ್ಲ ಅಂದ್ರೆ ಬಗ್ಗಿ ಕಾಲ್ಬೆರಳು ಮುಟ್ಟು ನೋಡೋಣ" ಅಂದೆ. ಮುಟ್ಟಿದ. ನರ್ಸಮ್ಮ ನಕ್ಕಳು. ಏಳುವಾಗ ಮಾತ್ರ ಮಂಚದ ಕಂಬಿ ಹಿಡಿದುಕೊಂಡ. ಎಡ ಭುಜ ಹಿಡಿದುಕೊಂಡಿದೆಯಂತೆ ನಾಲ್ಕೈದು ದಿನದಿಂದ, ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದ ಹಾಗೆ ಆಗುತ್ತದಂತೆ. ದಿನವಿಡೀ ಬಸ್ಸಿನ ಟೈರು ಎತ್ತುವವನಿಗೆ ಭುಜ ನೋಯದೆ ಕಿವಿ ನೋಯುತ್ತದೆಯೇ? ಹೇಗೂ ಆಸ್ಪತ್ರೆಗೆ ಬಂದಿದ್ದೇನೆ, ಕೆಳಗೆ ತೋರಿಸಿಕೊಂಡು ಹೋಗಲಾ ಅಂತ ಕೇಳಿದ. ನಾನು ಯೋಚನೆ ಮಾಡಿದೆ. ಇಲ್ಲಿ ಚೀಟಿ ಮಾಡಿಸಿದರೆ ಹೇಗಾಯಿತು ಅಂತ ಕೇಳುತ್ತಾರೆ, ಇವನು ಆಟದಲ್ಲಿ ಅನ್ನುತ್ತಾನೆ, ಅದು ಬರಹದಲ್ಲಿ ಬರುತ್ತದೆ, ಸಮಿತಿಯ ಮುಂದೆ ಯಾರಾದರೂ ಅದನ್ನೇ ಹಿಡಿದು ಎಳೆಯುತ್ತಾರೆ. "ನಾಲ್ಕನೇ ತಾರೀಖು ಮುಗೀಲಪ್ಪ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ" ಅಂದೆ. "ಅದೂ ಸರಿ ಅಂಕಲ್" ಅಂದ. ನನ್ನ ಬೆನ್ನಿಗೆ ಹಚ್ಚುವ ಮುಲಾಮಿನ ಟ್ಯೂಬು ಕೊಟ್ಟು ಕಳಿಸಿದೆ. ನಿನ್ನ ಅಳಿಯ ನಿದ್ದೆಯಲ್ಲಿದ್ದ. ಕಣ್ಣಂತೂ ಮುಚ್ಚಿತ್ತು.

ಈಗೇನು ಹೇಳುತ್ತೀಯ? ಪೆಟ್ಟು ತಿಂದವನೇ ಪೆಟ್ಟಾಗಿಲ್ಲ ಅನ್ನುತ್ತಾನೆ. ನಿನ್ನ ಅತಿಯಾದ ಬಲ ಎಲ್ಲಿ ಹೋಯಿತು? ಕೇಸ್ ಕ್ಲೋಸ್ಡ್. ಟೂರ್ನಮೆಂಟ್ ಮುಗಿಸಿಕೊಂಡು ಬಾ, ಸಿಟ್ಟು ಬಿಟ್ಟಿದ್ದೇನೆ. ಕಿತ್ತಳೆ ಇನ್ನೂ ನಾಲ್ಕು ಉಳಿದಿವೆ, ಹುಳಿ.

ನಿನ್ನ ಭಾವ


ಮಾರ್ಚ್ ೫

ಭಾವ,

ಇವತ್ತು ಬೆಳಿಗ್ಗೆ ಊರಿಗೆ ಬಂದೆ. ಬಾಗಿಲ ಕೆಳಗೆ ನಿಮ್ಮ ಕಾಗದ ಇತ್ತು. ಎಡ ಭುಜ ಅನ್ನುವಲ್ಲಿಗೆ ಓದು ನಿಲ್ಲಿಸಿದೆ.

ರೆಫರಿಗಳಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತಾರೆ. ಎಡ ಪಕ್ಕೆಗೆ ಪೆಟ್ಟು ಬಿದ್ದವನು ಆಮೇಲೆ ಯಾವತ್ತಾದರೂ ಎಡ ಭುಜ ನೋವು ಅಂದರೆ ಕಾಯಬೇಡಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು ಅಂತ ಹೇಳಿಕೊಟ್ಟಿದ್ದಾರೆ. ನಿಮಗೆ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಡಿಪೋಗೆ ಮಾಡಿ ಟೈರು ವಿಭಾಗದ ಗೋಲಿಯನ್ನು ಕರೆಯಿರಿ ಅಂದೆ. ಎತ್ತಿದವನು, "ನಿಮಗೆ ಗೊತ್ತಿಲ್ವಾ ಸಾರ್. ಮೊನ್ನೆ ಮಣ್ಣು ಮಾಡಿ ಬಂದ್ವಿ" ಅಂದ. ಜ್ಯಾಕು ಹಾಕಿ ಎದ್ದು ನಿಂತವನು ಹಾಗೇ ಕುಸಿದನಂತೆ. ಆಸ್ಪತ್ರೆ ಮುಟ್ಟಲಿಲ್ಲವಂತೆ.

ನೀವೂ ಹೋಗಿದ್ದಿರಂತೆ. ಕೊನೆಯವರೆಗೂ ಇದ್ದಿರಂತೆ.

ಅವನ ಹೆಂಡತಿಯ ಹತ್ತಿರ ಮಾತಾಡಿದಿರಾ?

ಪೀಪಿ


ಮಾರ್ಚ್ ೨೦

ಪೀಪಿ,

ನೀನು ಕೇಳಿದ್ದಕ್ಕೆ ಆಮೇಲೆ ಬರುತ್ತೇನೆ. ಮೊದಲು ವಿಷಯ. ಹುಡುಗನನ್ನು ಮನೆಗೆ ಕರೆತಂದಿದ್ದೇನೆ. ಮುಂದಿನ ಕೋಣೆಯಲ್ಲಿ, ನಿನ್ನ ಅಕ್ಕನ ಹೊಲಿಗೆ ಯಂತ್ರ ಇತ್ತಲ್ಲ ಅಲ್ಲಿ, ಮಂಚ ಹಾಕಿದ್ದೇನೆ. ಗೋಲಿಯ ಸುದ್ದಿ ಹೇಳಿದ ದಿನದಿಂದ ಗೋಡೆಯ ಕಡೆ ಮುಖ. ನಾನು ಮಾಡಿದ ಅನ್ನ ಸುಮ್ಮನೆ ತಿನ್ನುತ್ತಾನೆ. ಸುಮ್ಮನೆ ತಿನ್ನುವಂಥ ಅನ್ನವಲ್ಲ ಅದು, ನಿನಗೇ ಗೊತ್ತು. ಅಷ್ಟರಿಂದಲೇ ಅವನ ಸ್ಥಿತಿ ಊಹಿಸಿಕೋ.

ಪೊಲೀಸರು ಬಂದು ಆಟದಲ್ಲಾದ ಆಕಸ್ಮಿಕ ಅಂತ ಬರೆದುಕೊಂಡು ಹೋದರು. ಆದರೆ ಸಮಿತಿ ಬಿಡಲಿಲ್ಲ. ವಿಚಾರಣೆ ಏಪ್ರಿಲ್ ಹದಿನೈದಕ್ಕೆ ಹೋಗಿದೆ. ಈಗ ಅವರು ಕೇಳುವುದು ಬರೀ ಕಾರ್ಡಿನ ಪ್ರಶ್ನೆಯಲ್ಲ, ಆ ಸಾವು ಈ ತಪ್ಪಿನಿಂದ ಆಯಿತಾ ಅನ್ನುವುದು. ಹೌದು ಅಂದರೆ ಕುರ್ಚಿ ಹೋಯಿತು, ಕಾರ್ಖಾನೆಯ ಗೇಟಿನೊಳಗೆ ಅವನು ಕಾಲಿಡುವ ಹಾಗಿಲ್ಲ. ಅಲ್ಲ ಅಂದರೆ ಹ್ಯುಮ್ಯಾನಿಟೇರಿಯನ್ ಗ್ರೌಂಡ್ಸ್ ಮೇಲೆ ಕೊಡುತ್ತಾರಂತೆ.

ಪೀಪಿ, ಕಾಲೇಜಿನ ಎರಡನೇ ವರ್ಷದಲ್ಲಿ ನಮಗೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಇತ್ತು. ಮೋಟಿವ್ ಅಂತಲೋ ಇಂಟೆನ್ಷನ್ ಅಂತಲೋ ಅದರ ವಿಷಯ. ಬರೆದವರ ಹೆಸರು ಮರೆತಿದೆ, ಲೆಕ್ಚರರ್ ಮೂಗು ಮಾತ್ರ ನೆನಪಿದೆ. ಆದರೆ ಸಾರ ಇದು: ಮನುಷ್ಯನನ್ನು ಅಳೆಯಬೇಕಾದದ್ದು ಅವನ ಇಂಟೆನ್ಷನ್ನಿನಿಂದ. ಏನಾಯಿತು ಅನ್ನುವುದು ಯಾರ ಕೈಯಲ್ಲಿದೆ? ಹುಡುಗ ಚೆಂಡಿಗೆ ಅಂತ ಹಾರಿದ. ಸಾಯಿಸಲಿಕ್ಕೆ ಹಾರಿದನೇ? ಒಬ್ಬ ಒಳ್ಳೆಯದಾಗಲಿ ಅಂತಲೇ ಒಂದು ಕೆಲಸ ಮಾಡುತ್ತಾನೆ, ಒಂದು ಮಾತು ಹೇಳುತ್ತಾನೆ, ಅದು ಎಲ್ಲಿಗೋ ಹೋಗಿ ಮುಟ್ಟುತ್ತದೆ. ಅದಕ್ಕೆ ಅವನನ್ನು ಹಿಡಿದು ಜಗ್ಗಿದರೆ ಲೋಕದಲ್ಲಿ ಯಾರು ತಾನೇ ಬಾಯಿ ಬಿಟ್ಟಾರು? ನೀನು ಚಿಕ್ಕವನಿದ್ದಾಗ ನಿನ್ನ ಅಕ್ಕ ಸ್ನಾನ ಮಾಡಿಸಲು ಹೋಗಿ ಕುದಿಯುವ ನೀರು ಸುರಿದಳಲ್ಲ. ನಿನ್ನ ಮೊಣಕೈ ಇವತ್ತಿಗೂ ಸುಕ್ಕುಗಟ್ಟಿದೆ. ಅವಳಿಗೆ ಕಾರ್ಡು ತೋರಿಸುತ್ತೀಯಾ?

ಫೆಬ್ರವರಿಯಲ್ಲಿ ನಾನು ಬಾಟಲಿ ಗೀಟಲಿ ಅಂತ ಏನೋ ಬರೆದಿದ್ದೆ. ಅದು ಬಾಟಲಿಯ ಮಾತು. ಮನುಷ್ಯ ಬಾಟಲಿಯಲ್ಲ.

ಸಿಬ್ಬಂದಿ ಸಾಹೇಬರೇ ಹುಡುಗನ ಪರ ಮಾತಾಡುತ್ತಾರೆ. ಅವರ ವಾದ ಗಟ್ಟಿಯಿದೆ: ಅವನು ಎದ್ದ, ಆಡಿದ, ಮೂರು ವಾರ ಕೆಲಸಕ್ಕೂ ಹೋದ, ಡಾಕ್ಟರ ಹತ್ತಿರ ಹೋಗಲಿಲ್ಲ. ಅವನ ಉದಾಸೀನವೇ ಅವನನ್ನು ತೆಗೆದುಕೊಂಡಿತು, ಆಟವಲ್ಲ. ನೀನು ಮಾಡಬೇಕಾದದ್ದು ಒಂದೇ. ಅತಿಯಾದ ಬಲ ಅನ್ನುವ ಮಾತು ತೆಗೆದು ಅಜಾಗರೂಕತೆ ಅಂತ ಹಾಕು. ವಿಚಾರಣೆಗೆ ಮುಂಚೆ ವರದಿ ತಿದ್ದಲು ರೆಫರಿಗೆ ಅವಕಾಶ ಇದೆ ಅಂತ ಕೇಳಿ ತಿಳಿದುಕೊಂಡಿದ್ದೇನೆ. ನಿನ್ನ ಅಕ್ಕ ಇದ್ದಿದ್ದರೆ ನಾನು ನಿನ್ನನ್ನು ಕೇಳಬೇಕಾಗಿರಲಿಲ್ಲ, ಅವಳೇ ನಿನ್ನ ಕಿವಿ ಹಿಂಡುತ್ತಿದ್ದಳು.

ಹಾಳೆ ಮುಗಿಯಿತು. ನೀನು ಕೇಳಿದ್ದಕ್ಕೆ ಮುಂದಿನ ಸಲ.

ಭಾವ


ಮಾರ್ಚ್ ೨೯

ಭಾವನವರಿಗೆ,

ಅಕ್ಕನ ವಿಷಯ ಎತ್ತಿದ್ದೀರಿ. ನಿಮಗೆ ಅರ್ಧ ಗೊತ್ತಿದೆ. ನೀರು ಸುರಿದ ಮೇಲೆ ಅವಳು ನನ್ನನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ ಡಾಕ್ಟರ ಮನೆಯವರೆಗೆ ಓಡಿದಳು. ಎದುರಿಗೆ ಬಂದವರಿಗೆಲ್ಲ "ನಾನು ಸುಟ್ಟೆ, ನಾನೇ ಸುಟ್ಟೆ" ಅನ್ನುತ್ತಿದ್ದಳು. ಯಾರೂ ಕೇಳಿರಲಿಲ್ಲ. ನನಗೆ ಉರಿ ಅಷ್ಟು ನೆನಪಿಲ್ಲ, ಆ ಮಾತು ನೆನಪಿದೆ. ಬೇಕಂತ ಮಾಡಲಿಲ್ಲ ಅಂತ ಒಂದು ಸಲವೂ ಅನ್ನಲಿಲ್ಲ ಅವಳು.

ವರದಿ ತಿದ್ದುವುದಿಲ್ಲ. ಆ ಮಾತು ಬರೆದಾಗ ಗೋಲಿ ಬದುಕಿದ್ದ, ನಗುತ್ತಿದ್ದ. ಅವನು ಸತ್ತ ಅಂತ ಅದನ್ನು ಹೆಚ್ಚು ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ. ಪುಟ್ಟನಿಗೆ ಸಾಯಿಸುವ ಮನಸ್ಸಿತ್ತಾ ಅಂತ ಯಾರಾದರೂ ಕೇಳುತ್ತಾರೆ. ನನಗೆ ಗೊತ್ತಿಲ್ಲ ಅಂತ ಹೇಳುತ್ತೇನೆ. ಅದು ಅವನಿಗೆ ಸಹಾಯವಾಗುತ್ತದೋ ಇಲ್ಲವೋ ತಿಳಿಯದು.

ನೀವು ಫೆಬ್ರವರಿಯಲ್ಲಿ ಪರಿಣಾಮ ನೋಡು ಅಂದಿರಿ, ಈಗ ಮನಸ್ಸು ನೋಡು ಅನ್ನುತ್ತೀರಿ. ತಪ್ಪು ತಿಳಿಯಬೇಡಿ, ಈ ಸಲದ ಕಾಗದ ಪುಟ್ಟನ ಬಗ್ಗೆ ಬರೆದ ಹಾಗೆ ಓದಿಸಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ನೀವು ಅವನಿಗೆ ಹೇಳಿದ್ದನ್ನು ನಾನು ಸಮಿತಿಯಲ್ಲಿ ಹೇಳುವುದಿಲ್ಲ. ನಾನು ಕಂಡದ್ದಲ್ಲ ಅದು. ಹೇಳಬೇಕಾದವರು ನೀವು. ಅವನು ಉದಾಸೀನ ಮಾಡಿದ ಅಂತ ಸಾಹೇಬರು ಹೇಳುವಾಗ ಅವನ ಹೆಂಡತಿ ಆ ಕೋಣೆಯಲ್ಲೇ ಕೂತಿರುತ್ತಾರೆ.

ಪೀಪಿ


ಏಪ್ರಿಲ್ ೧೮

ಪೀಪಿ,

ಸಾಕ್ಷಿ ಹೇಳಿದವರು ಹೊರಗೆ ಹೋಗಬೇಕು ಅನ್ನುವ ನಿಯಮದಿಂದ ನೀನು ಪಾರಾದೆ. ನೀನು ಹೋದ ಮೇಲೆ ಏನಾಯಿತು ಅಂತ ಬೇರೆ ಯಾರೂ ನಿನಗೆ ಸರಿಯಾಗಿ ಹೇಳಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಬೇಕಂತಲೇ ಮಾಡಿದನಾ" ಅಂತ ಅಧ್ಯಕ್ಷರು ಕೇಳಿದ್ದಕ್ಕೆ "ಅದು ನನಗೆ ಕಾಣಲ್ಲ, ಕಾಲು ಕಂಡಿತು" ಅಂದೆಯಲ್ಲ, ಅದಾದ ಮೇಲೆ ಹುಡುಗನನ್ನು ಕರೆದರು. ಊರುಗೋಲು ಗೋಡೆಗೆ ಒರಗಿಸಿ ನಿಂತ. ಕೂತು ಹೇಳಪ್ಪ ಅಂದರೂ ಕೂರಲಿಲ್ಲ. ಚೆಂಡು ಮಾತ್ರ ನೋಡ್ತಿದ್ದೆ, ಅವನು ಕಾಣಲಿಲ್ಲ ಅಂತ ಹೇಳು ಅಂತ ನಾನು ವಾರವಿಡೀ ಕಲಿಸಿದ್ದೆ. ಅವನು ಹೇಳಿದ್ದು ಇದು.

"ನೋಡಿದ್ದೆ ಸಾರ್. ಸರೀತಾನೆ ಅಂದ್ಕೊಂಡಿದ್ದೆ. ನಾನು ಹಾಗೆ ಬಂದ್ರೆ ಎಲ್ಲಾ ಗೋಲಿಗಳೂ ಸರೀತಾರೆ. ಅವನು ಸರೀಲಿಲ್ಲ."

ಮೇಜಿನ ಮೇಲೆ ನಮ್ಮ ಕಾರ್ಖಾನೆಯದೇ ನೀರಿನ ಬಾಟಲಿಗಳು. ನಾನು ಅದರ ಕತ್ತಿನಲ್ಲಿ ಗುಳ್ಳೆ ಹುಡುಕುತ್ತಿದ್ದೆ.

ಆಮೇಲೆ ಸಿಬ್ಬಂದಿ ಸಾಹೇಬರು ಎದ್ದರು. ಚೆನ್ನಾಗಿ ಮಾತಾಡಿದರು. ಸ್ವಂತ ಆರೋಗ್ಯದ ಬಗ್ಗೆ ಇಷ್ಟು ಬೇಜವಾಬ್ದಾರಿಯಾದ ಮನುಷ್ಯ ಸತ್ತರೆ ಅದಕ್ಕೆ ಮಂಚದಲ್ಲಿ ಮಲಗಿದ್ದ ಹುಡುಗ ಹೇಗೆ ಹೊಣೆ ಅಂದರು. ಬೇಜವಾಬ್ದಾರಿ ಅನ್ನುವ ಮಾತನ್ನು ಮೂರು ಸಲ ಅಂದರು. ಅವನ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು, ಬೆರಳ ತುದಿಯಲ್ಲಿ ಇಸ್ತ್ರಿ ಸುಟ್ಟ ಕಲೆಗಳು. ನಿಮಗೆ ಏನಾದರೂ ಹೇಳುವುದಿದೆಯೇ ಅಂತ ಅಧ್ಯಕ್ಷರು ಕೇಳಿದಾಗ ಅವಳು ಎದ್ದಳು.

"ಅವರು ಅಂಥವರಲ್ಲ ಸಾರ್. ಮಗಳಿಗೆ ಕೆಮ್ಮು ಬಂದ್ರೂ ಎತ್ಕೊಂಡು ಓಡ್ತಿದ್ರು. ಡಾಕ್ಟ್ರಿಗೆ ತೋರಿಸಿ ಅಂದ್ರೆ ನಾಲ್ಕನೇ ತಾರೀಖು ಆಗ್ಲಿ ಅಂದ್ರು. ನಾಲ್ಕಕ್ಕೇನು ಅಂತ ಕೇಳ್ದೆ. ಹೇಳ್ಲಿಲ್ಲ. ಯಾಕೆ ಹೋಗ್ಲಿಲ್ಲ ಅಂತ ನಂಗೂ ಗೊತ್ತಿಲ್ಲ. ದಿನಾ ಕೇಳ್ಕೋತೀನಿ."

ಅಳಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವರು ಕೇಳುವ ಹಾಗೆ ಕೇಳಿ ಕೂತಳು.

ಪೀಪಿ, ನಾನು ಎದ್ದು ನಿಂತೆ. ಇದನ್ನು ನೀನು ನಂಬಬೇಕು. ಕುರ್ಚಿ ಹಿಂದಕ್ಕೆ ಸರಿದು ಸದ್ದಾಯಿತು, ಎಲ್ಲರೂ ತಿರುಗಿದರು. ಮಾತು ಬಾಯಿಯಲ್ಲಿ ಸಾಲಾಗಿ ಬಂದು ನಿಂತಿತ್ತು. ಏನು ಹಿರಿಯರೇ ಅಂತ ಕೇಳಿದರು ಅಧ್ಯಕ್ಷರು. ಹುಡುಗ ನನ್ನನ್ನು ನೋಡುತ್ತಿದ್ದ. ಅವನ ಹಿಂದೆ ಆ ಊರುಗೋಲು.

"ಕಿಟಕಿ" ಅಂದೆ. "ಗಾಳಿ ಜಾಸ್ತಿ ಬರ್ತಿದೆ."

ಅವಳೇ ಹತ್ತಿರದಲ್ಲಿದ್ದಳು. ಅವಳೇ ಎದ್ದು ಮುಚ್ಚಿದಳು. ಚಿಲಕ ಬಿಗಿಯಾಗಿತ್ತು, ಎರಡು ಕೈಯಲ್ಲಿ ಎಳೆದಳು. "ಈಗ ಸರಿ ಆಯ್ತಾ?" ಅಂತ ಕೇಳಿದಳು ನನ್ನನ್ನು. ಹೂಂ ಅಂದೆ.

ತೀರ್ಪು ಬಂದಿದೆ. ಕಾರ್ಡು ಉಳಿಯಿತು, ನಿನ್ನ ಮಾತೂ ಉಳಿಯಿತು. ಸಾವಿಗೆ ಮೃತನ ಉದಾಸೀನವೇ ಕಾರಣ, ಆಟಗಾರನಲ್ಲ ಅಂತ ಬರೆದರು. ಕುರ್ಚಿ ಕೊಡುತ್ತಾರೆ, ಮೇ ಒಂದರಿಂದ. ಎಲ್ಲ ನಾನು ಕೇಳಿದ ಹಾಗೇ ಆಯಿತು.

ಬಾಡಿಗೆ ಕಾರಿನಲ್ಲಿ ಬರುವಾಗ ಹುಡುಗ ಕೇಳಿದ, "ಯಾಕೆ ಎದ್ದಿದ್ರಿ ಅಪ್ಪ?" ಗಾಳಿ ಕಣೋ ಅಂದೆ. ಅವನು ಹೂಂ ಅಂದ. ಆಸ್ಪತ್ರೆಯಲ್ಲಿ ಅವತ್ತು ಕಣ್ಣು ಮುಚ್ಚಿದ್ದನಲ್ಲ, ನಿದ್ದೆ ಬಂದಿತ್ತಾ ಅಂತ ನಾನು ಅವನನ್ನು ಇವತ್ತಿನವರೆಗೂ ಕೇಳಿಲ್ಲ. ಕೇಳುವುದೂ ಇಲ್ಲ.

ನಿನ್ನನ್ನು ಒಂದೇ ಕೇಳುತ್ತೇನೆ. ನಾನು ಎದ್ದದ್ದು ಹೇಳಲಿಕ್ಕೇ. ಹೇಳುವ ಮನಸ್ಸು ಇತ್ತು, ಪೂರ್ತಿ ಇತ್ತು, ನೂರಕ್ಕೆ ನೂರು. ಅದಕ್ಕೆ ಏನೂ ಬೆಲೆ ಇಲ್ಲವೇ? ನಿನ್ನ ನಿಯಮದಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ?

ಭಾವ


ಏಪ್ರಿಲ್ ೨೬

ಭಾವ,

ಎದ್ದಿರಿ. ಕಿಟಕಿ ಮುಚ್ಚಲು ಹೇಳಿದಿರಿ. ಕೂತಿರಿ. ನಾನು ಅಲ್ಲಿದ್ದು ವರದಿ ಬರೆಯಬೇಕಾಗಿದ್ದರೆ ಇಷ್ಟೇ ಬರೆಯುತ್ತಿದ್ದೆ.

ನೀವು ಕೆಟ್ಟವರು ಅಂತ ನಾನು ಅನ್ನುವುದಿಲ್ಲ. ಅದನ್ನು ನೋಡುವ ಕೆಲಸ ನನ್ನದಲ್ಲ.

ಡಿಪೋದ ಹಿಂದಿನ ಗೋಡೆಗೆ ತಾಗಿಕೊಂಡು ಒಂದು ಓಣಿ ಇದೆ. ಬಲಗಡೆ ಮೂರನೇ ಕಟ್ಟಡ, ಮೆಟ್ಟಿಲು ಹತ್ತಿದರೆ ಎಡಕ್ಕೆ ಮೊದಲ ಮನೆ. ಕರೆಗಂಟೆ ಕೆಟ್ಟಿದೆ, ಬಾಗಿಲು ತಟ್ಟಬೇಕು. ಇಸ್ತ್ರಿ ಅಂಗಡಿ ಮುಚ್ಚಿ ಅವರು ಏಳರ ಹೊತ್ತಿಗೆ ಬರುತ್ತಾರೆ. ಭಾನುವಾರ ದಿನವಿಡೀ ಇರುತ್ತಾರೆ.

ಪೀಪಿ